ಚಳಿಯೂ ಕೋಳಿಯೂ

ಹುಲಿಗಿಯಂಥ ಊರಿನಲ್ಲಿ ಕುಳಿತು ಚಳಿಯ ಮಾತೆತ್ತಿದರೆ ನೀವು ನಗಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಡೆ ಅಂಜಬೇಕಾದುದು ಬಿಸಿಲಿಗೇ ಹೊರತು ಚಳಿಗಲ್ಲ. ಬೇಸಿಗೆಯಲ್ಲಿ ಕೋಳಿ ಬಾಯಿ ತೆರೆದು ಏದುವುದನ್ನು ನಾವೆಲ್ಲ ಕಂಡವರೇ. ಆದರೆ ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ, ನಮಗೆ ಒಂದು ಕಂಬಳಿ ಸಾಕೆನಿಸುವ ಆ ತಂಪೇ, ನಿನ್ನೆ ಮೊನ್ನೆ ಮೊಟ್ಟೆಯೊಡೆದು ಬಂದ ಮರಿಯ ಪ್ರಾಣಕ್ಕೆ ಎರವಾಗುವುದುಂಟು.

ಬೆಳೆದ ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮಗಾದರೆ ಅದು ಸುಡುವ ಜ್ವರ! ಈ ಕಾವನ್ನು ಉಳಿಸಿಕೊಳ್ಳಲು ಅದು ಗರಿಗಳನ್ನು ಉಬ್ಬಿಸಿ ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಕೊಕ್ಕನ್ನು ಗರಿಯಲ್ಲಿ ಹುದುಗಿಸಿ, ಒಂದು ಕಾಲನ್ನು ಹೊಟ್ಟೆಗೆ ಮಡಿಚಿಕೊಂಡು ನಿಲ್ಲುತ್ತದೆ. ಹಿಮ ಬೀಳುವ ದೇಶಗಳಲ್ಲಿ ಹುಂಜದ ಜುಟ್ಟು ಮರಗಟ್ಟಿ ಕಪ್ಪಾಗುವುದುಂಟು. ನಮ್ಮಲ್ಲಿ ಆ ಭಯವಿಲ್ಲ. ನಮ್ಮ ಕೋಳಿ ಚಳಿಯಲ್ಲಿ ಕಾಳು ಹೆಚ್ಚು ತಿನ್ನುತ್ತದೆ, ಅಷ್ಟೆ. ಮೊಟ್ಟೆ ಕಡಿಮೆಯಾದರೆ ಚಳಿಯೊಂದನ್ನೇ ದೂರಬೇಡಿ. ಹಗಲು ಕುಗ್ಗಿದುದೂ ಅದಕ್ಕೆ ಕಾರಣ.

ಮರಿಯ ಸಂಗತಿಯೇ ಬೇರೆ. ಅದರ ಮೈಮೇಲಿರುವುದು ನವಿರೇ ಹೊರತು ಗರಿಯಲ್ಲ. ಮೊದಲ ಎರಡು ಮೂರು ವಾರ ತನ್ನ ಕಾವನ್ನು ತಾನು ಹಿಡಿದುಕೊಳ್ಳಲಾರದು. ತಾಯಿಯಿದ್ದರೆ ರೆಕ್ಕೆಯಡಿ ಸೇರಿಕೊಂಡೀತು. ಯಂತ್ರದ ಕಾವಿನಲ್ಲಿ ಹುಟ್ಟಿದ ಮರಿಗೆ ದೀಪವೇ ತಾಯಿ. ದೀಪದಡಿಯಲ್ಲಿ ಮೊದಲ ವಾರ 35 ಡಿಗ್ರಿ ಶಾಖ ಬೇಕು. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಉಷ್ಣಮಾಪಕವಿಲ್ಲವೆ? ಮರಿಗಳನ್ನೇ ನೋಡಿ. ದೀಪದಡಿ ಒತ್ತೊತ್ತಾಗಿ ಗುಂಪುಗೂಡಿ ಕೂಗುತ್ತಿದ್ದರೆ ಚಳಿ. ದೂರ ಸರಿದು ಏದುತ್ತಿದ್ದರೆ ಸೆಕೆ. ಹರಡಿಕೊಂಡು ಮೇಯುತ್ತಿದ್ದರೆ ಎಲ್ಲವೂ ಸರಿ. ಗುಂಪುಗೂಡಿದಾಗ ಅಡಿಯಲ್ಲಿ ಸಿಕ್ಕ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಬೆಳಿಗ್ಗೆ ಅದನ್ನು ರೋಗವೆಂದು ಬಗೆದು ಔಷಧಿಗೆ ಓಡುವವರುಂಟು.

ನೆಲಕ್ಕೆ ಭತ್ತದ ಹೊಟ್ಟು ಹಾಸಿ. ಗಂಗಾವತಿಯ ಅಕ್ಕಿ ಗಿರಣಿಗಳಿರುವಾಗ ಈ ಸೀಮೆಯಲ್ಲಿ ಅದಕ್ಕೇನು ಬರವೆ? ಒದ್ದೆಯಾದುದನ್ನು ಕೂಡಲೆ ತೆಗೆಯಿರಿ. ತೇವ ಚಳಿಯನ್ನು ಇಮ್ಮಡಿಸುತ್ತದೆ. ಗಾಳಿ ಬರುವ ಕಡೆ ಗೋಣಿತಟ್ಟು ಕಟ್ಟಿ, ಆದರೆ ಮೇಲೆ ಒಂದು ಗೇಣು ತೆರೆದಿರಲಿ. ಪೂರ್ತಿ ಮುಚ್ಚಿದರೆ ಹಿಕ್ಕೆಯಿಂದೇಳುವ ಅಮೋನಿಯದ ಘಾಟು ಚಳಿಗಿಂತ ಕೆಟ್ಟದ್ದು.

ಜೀವಂತ ಮರಿಗೆ ಶತ್ರುವಾದ ಈ ಚಳಿಯೇ ಮಾಂಸಕ್ಕೆ ಕಾವಲುಗಾರ. 1626ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ಒಂದು ಕೋಳಿಯನ್ನು ಕೊಂಡು, ಅದರ ಹೊಟ್ಟೆಗೆ ಹಿಮ ತುಂಬಿ ಪರೀಕ್ಷಿಸಹೋಗಿ, ತಾನೇ ಶೀತ ಹತ್ತಿ ತೀರಿಕೊಂಡನೆಂದು ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಇಂದು ಪೇಟೆಯಲ್ಲಿ ಸಿಗುವ ಹೆಪ್ಪುಗಟ್ಟಿಸಿದ ಕೋಳಿಯನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಡುತ್ತಾರೆ. ಬೇಗ ಹೆಪ್ಪುಗಟ್ಟಿದರೆ ಮಂಜಿನ ಹರಳು ಸಣ್ಣದು. ನಿಧಾನವಾದರೆ ಹರಳು ದಪ್ಪವಾಗಿ ಮಾಂಸದ ಕಣಗಳನ್ನು ಸೀಳುತ್ತದೆ. ಕರಗಿದಾಗ ರಸ ಸೋರಿ ಮಾಂಸ ನಾರಾಗುವುದು ಇದರಿಂದಲೇ. ಎಳೆಯ ಕೋಳಿಯ ಮೂಳೆಯ ಸುತ್ತ ಕಪ್ಪು ಕಂಡರೆ ಗಾಬರಿ ಬೇಡ. ಮಜ್ಜೆಯ ಬಣ್ಣ ಹೊರಬಂದಿರುತ್ತದೆ, ಅಷ್ಟೆ.

ಆದರೆ ಚಳಿ ರೋಗಾಣುಗಳನ್ನೆಲ್ಲ ಕೊಲ್ಲುವುದಿಲ್ಲ, ಮಲಗಿಸುತ್ತದೆ. ಹೆಪ್ಪುಗಟ್ಟಿದ ಕೋಳಿಯನ್ನು ಬೆಳಗಿನಿಂದ ಅಡಿಗೆಮನೆಯ ಕಟ್ಟೆಯ ಮೇಲಿಟ್ಟರೆ, ಒಳಗೆ ಇನ್ನೂ ಮಂಜಿರುವಾಗಲೇ ಹೊರಮೈ ಬೆಚ್ಚಗಾಗಿ ಅವು ಏಳುತ್ತವೆ. ಆದುದರಿಂದ ಅದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ತಟ್ಟೆಯೊಳಗೆ, ಒಂದು ಹಗಲು ಒಂದು ರಾತ್ರಿ ಇದ್ದು ಕರಗಲಿ. ಬೇಯುವಾಗ ಒಳಗೆಲ್ಲ 74 ಡಿಗ್ರಿ ಮುಟ್ಟಲಿ.

ರಾತ್ರಿ ವಿದ್ಯುತ್ತು ಹೋಯಿತೆನ್ನಿ. ತುಂಬಿದ ಫ್ರೀಜರಿನ ಬಾಗಿಲನ್ನು ತೆರೆಯದಿದ್ದರೆ ಸುಮಾರು ಎರಡು ದಿನ ಮಾಂಸ ತಡೆದೀತು. ಮರಿಗಳು ಅಷ್ಟು ಕಾಯಲಾರವು. ಮೊದಲು ಅವುಗಳ ಕಡೆ ಹೋಗಿ. ಕೊಡಕ್ಕೆ ಬಿಸಿನೀರು ತುಂಬಿ, ಬಾಯಿ ಬಿಗಿದು, ತಟ್ಟು ಸುತ್ತಿ ಅವುಗಳ ನಡುವೆ ಇಡಿ.