ಕಟ್ಟುತ್ತ ಕಲಿಯುವ ಇಂಜಿನಿಯರು

ಪರೀಕ್ಷೆಯ ಫಲಗಳು ಪ್ರಕಟವಾಗುವ ದಿನಗಳಲ್ಲಿ ನಮ್ಮ ಪಟ್ಟಣಗಳ ಮನೆಮನೆಗಳಲ್ಲಿಯೂ ಒಂದೇ ಮಾತು ನಡೆದಿರುತ್ತದೆ. ಹುಡುಗನು ಇಂಜಿನಿಯರನಾಗಬೇಕು; ಆದರೆ ಕಾಲೇಜಿನ ಶುಲ್ಕ ತೆರುವ ಶಕ್ತಿ ಎಲ್ಲ ತಂದೆಯರಿಗೂ ಇಲ್ಲ. ಸಾಲ ಮಾಡಿ ಓದಿಸುವವರುಂಟು, ಹೊಲವನ್ನು ಒತ್ತೆಯಿಡುವವರುಂಟು. ಎರಡೂ ಆಗದವರು ಮಗನ ಆಸೆಯನ್ನು ಮೊಳಕೆಯಲ್ಲಿಯೇ ಚಿವುಟಿಬಿಡುತ್ತಾರೆ. ಸೇತುವೆ, ರಸ್ತೆ, ಕಾಲುವೆಗಳನ್ನು ಕಟ್ಟುವ ವಿದ್ಯೆಯನ್ನು ಕಟ್ಟುವ ಸ್ಥಳದಲ್ಲಿಯೇ ಕಲಿತು, ಕಲಿಯುವಾಗಲೇ ಸಂಬಳ ಪಡೆದು, ಕೊನೆಗೆ ಪದವಿಯನ್ನೂ ಸಂಪಾದಿಸುವ ಮಾರ್ಗವೊಂದು ಇರಲಾರದೆ? ಇಂಗ್ಲೆಂಡಿನಲ್ಲಿ ಅಂಥ ಮಾರ್ಗವಿದೆ. ಅದನ್ನು ವಾಚಕರ ಮುಂದಿಟ್ಟು ನಮ್ಮ ದೇಶದ ಸ್ಥಿತಿಯೊಡನೆ ಹೋಲಿಸಿ ನೋಡುವುದು ಇಂದಿನ ನಮ್ಮ ಉದ್ದೇಶವಾಗಿದೆ.

ಈ ಪದ್ಧತಿಯ ಬೇರು ಇಂಜಿನಿಯರಿಂಗ್ ಕಾಲೇಜುಗಳಿಗಿಂತಲೂ ಹಳೆಯದು. ಥಾಮಸ್ ಟೆಲ್‌ಫರ್ಡನು ೧೭೫೭ರಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್ ಸೀಮೆಯ ಕುರಿಗಾಹಿಯೊಬ್ಬನ ಮನೆಯಲ್ಲಿ ಹುಟ್ಟಿದನು. ಕೂಸಾಗಿದ್ದಾಗಲೇ ತಂದೆ ತೀರಿಕೊಂಡನು. ಹುಡುಗನು ಕಲ್ಲುಕುಟಿಗನ ಬಳಿ ಶಿಷ್ಯನಾಗಿ ನಿಂತು ಉಳಿ ಸುತ್ತಿಗೆಗಳ ಕೆಲಸವನ್ನು ಕಲಿತನು. ಉಳಿದ ವಿದ್ಯೆಯನ್ನು ದೊರೆತ ಪುಸ್ತಕಗಳನ್ನೋದಿ ತಾನೇ ಗಳಿಸಿದನು. ವೇಲ್ಸಿನಲ್ಲಿ ಡೀ ನದಿಗಿಂತ ೧೨೬ ಅಡಿ ಎತ್ತರದಲ್ಲಿ ದೋಣಿಗಳು ಸಾಗುವ ಮೇಲ್ಗಾಲುವೆಯನ್ನು ವಿಲಿಯಂ ಜೆಸ್ಸಪ್ಪನೊಡನೆ ಸೇರಿ ೧೮೦೫ರಲ್ಲಿ ಪೂರೈಸಿದವನು ಇವನೇ. ೧೮೨೬ರಲ್ಲಿ ತೆರೆದ, ೫೭೯ ಅಡಿಗಳ ನಡುಹರವಿನ ಮೆನಾಯ್ ತೂಗುಸೇತುವೆಯೂ ಇವನದೇ. ಲಂಡನ್ನಿನಲ್ಲಿ ೧೮೧೮ರಲ್ಲಿ ಕೆಲವರು ತರುಣರು ಸ್ಥಾಪಿಸಿದ ಸಿವಿಲ್ ಇಂಜಿನಿಯರುಗಳ ಸಂಸ್ಥೆಗೆ ೧೮೨೦ರಲ್ಲಿ ಮೊದಲನೆಯ ಅಧ್ಯಕ್ಷನಾದವನು ಉಳಿ ಹಿಡಿದು ಬೆಳೆದ ಈ ಮನುಷ್ಯನೆಂಬುದನ್ನು ನಾವು ಮರೆಯಬಾರದು.

ಆದರೆ ಹಳೆಯದೆಲ್ಲವೂ ಹೊನ್ನೆಂದು ನಾವು ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಸರಾಂತ ಇಂಜಿನಿಯರರ ಬಳಿ ಶಿಷ್ಯನಾಗಿ ಸೇರಬೇಕಾದರೆ ಹುಡುಗನ ತಂದೆಯು ದೊಡ್ಡ ಮೊತ್ತವನ್ನು ಕಾಣಿಕೆಯಾಗಿ ತೆರಬೇಕಾಗುತ್ತಿತ್ತು. ಬಡವನಿಗೆ ಆ ಬಾಗಿಲು ಮುಚ್ಚಿಯೇ ಇತ್ತು. ಅಲ್ಲದೆ ಕೈಯ ಅಭ್ಯಾಸವೊಂದೇ ಸಾಲದೆಂಬುದನ್ನೂ, ಪುಸ್ತಕದ ಲೆಕ್ಕವೊಂದೇ ಸಾಲದೆಂಬುದನ್ನೂ ಲೋಕವು ಕಷ್ಟಪಟ್ಟು ಕಲಿಯಬೇಕಾಯಿತು. ೧೮೭೯ರ ಡಿಸೆಂಬರ್ ೨೮ರ ರಾತ್ರಿ ಬಿರುಗಾಳಿಯಲ್ಲಿ ಸ್ಕಾಟ್ಲೆಂಡಿನ ಟೇ ನದಿಯ ರೈಲು ಸೇತುವೆ ಕುಸಿದು, ಮೇಲಿದ್ದ ಗಾಡಿಯು ನೀರಿಗೆ ಬಿದ್ದು, ಅದರಲ್ಲಿದ್ದವರಲ್ಲಿ ಒಬ್ಬನೂ ಬದುಕಲಿಲ್ಲ. ಗಾಳಿಯ ಒತ್ತಡವನ್ನು ತಕ್ಕಂತೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎರಕದ ಕಬ್ಬಿಣದಲ್ಲಿದ್ದ ದೋಷಗಳನ್ನು ತಡೆಯುವ ಮೇಲ್ವಿಚಾರಣೆಯೂ ಇರಲಿಲ್ಲ. ಮೊದಲನೆಯದು ಗಣಿತದ ಲೋಪ, ಎರಡನೆಯದು ಕಣ್ಣಿನ ಲೋಪ. ಇವೆರಡೂ ಒಬ್ಬನಲ್ಲಿಯೇ ಕೂಡಿದ ಹೊರತು ಇಂಜಿನಿಯರನು ಪೂರ್ಣನಾಗಲಾರನು. ಅವನ ಅಪೂರ್ಣತೆಯ ಬೆಲೆಯನ್ನು ತೆರುವವರು ಸೇತುವೆಯ ಮೇಲೆ ನಂಬಿ ನಡೆಯುವ ಜನರು.

ಇಂಗ್ಲೆಂಡಿನ ಇಂದಿನ ವ್ಯವಸ್ಥೆಯು ಈ ಎರಡನ್ನೂ ಕೂಡಿಸುವ ಪ್ರಯತ್ನವಾಗಿದೆ. ಶಾಲೆ ಮುಗಿಸಿ, ಗಣಿತದಲ್ಲಿ ಚೆನ್ನಾಗಿ ತೇರ್ಗಡೆಯಾದ ತರುಣ ತರುಣಿಯರನ್ನು ಕಟ್ಟಡದ ಕಂಪನಿಗಳೂ ಇಂಜಿನಿಯರಿಂಗ್ ಸಲಹಾಸಂಸ್ಥೆಗಳೂ ಅಪ್ರೆಂಟಿಸರನ್ನಾಗಿ ಕೆಲಸಕ್ಕೆ ಸೇರಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ವಾರದಲ್ಲಿ ನಾಲ್ಕು ದಿನ ಕೆಲಸ, ಒಂದು ದಿನ ವಿಶ್ವವಿದ್ಯಾಲಯ. ಹೀಗೆ ಐದಾರು ವರ್ಷ ನಡೆದರೆ ಪದವಿ ಕೈಸೇರುತ್ತದೆ. ಅಷ್ಟು ಕಾಲವೂ ಸಂಬಳವುಂಟು. ಪದವಿಯ ಶುಲ್ಕವನ್ನು ಧಣಿಯೂ ಸರಕಾರವೂ ಭರಿಸುತ್ತವೆ. ಇದಕ್ಕೆ ಹಣವೆಲ್ಲಿಂದ ಎಂದು ಕೇಳುವವರಿಗೆ ಉತ್ತರವಿದು: ವರ್ಷಕ್ಕೆ ೩೦ ಲಕ್ಷ ಪೌಂಡುಗಳಿಗೆ ಮೀರಿ ಸಂಬಳ ಹಂಚುವ ಧಣಿಗಳ ಮೇಲೆ ಆ ವೆಚ್ಚದ ನೂರಕ್ಕೆ ಅರ್ಧದಂತೆ ಒಂದು ತೆರಿಗೆಯನ್ನು ೧೭ರ ಸಾಲಿನಲ್ಲಿ, ಅಂದರೆ ೨೦೧೭ರಲ್ಲಿ, ಜಾರಿಗೆ ತಂದರು.

ಅಪ್ರೆಂಟಿಸನು ಕಲಿಯುವುದೇನು? ಬೆಳಿಗ್ಗೆ ಉಪಕರಣವನ್ನು ನಿಲ್ಲಿಸಿ ಮಟ್ಟ ಹಿಡಿಯುವುದು. ನಕ್ಷೆಯ ಗೆರೆಯನ್ನು ನೆಲದ ಮೇಲೆ ಗೂಟ ನೆಟ್ಟು ತೋರಿಸುವುದು. ಅಗೆದ ಮಣ್ಣು ನಕ್ಷೆಯಲ್ಲಿ ಹೇಳಿದ ಮಣ್ಣೇ ಹೌದೋ ಎಂದು ನೋಡುವುದು. ಕಾಂಕ್ರೀಟಿನ ಅಚ್ಚುಗಳನ್ನು ಎರೆದು ೨೮ನೆಯ ದಿನ ಯಂತ್ರದಲ್ಲಿ ಒಡೆಸಿ ಅವುಗಳ ಬಲವನ್ನು ಬರೆದಿಡುವುದು. ಮರುವಾರ ತರಗತಿಯಲ್ಲಿ ಉಪಾಧ್ಯಾಯರು ಕಾಂಕ್ರೀಟು ಗಟ್ಟಿಯಾಗುವ ರಸಾಯನವನ್ನು ವಿವರಿಸುವಾಗ ಅವನಿಗೆ ಅದು ಬರಿಯ ಪಾಠವಲ್ಲ, ತನ್ನ ಕೈಯಾರೆ ಮಾಡಿದುದರ ಕಾರಣ. ಕೊನೆಗೆ ವೃತ್ತಿಸಂಸ್ಥೆಯ ಅನುಭವಿಗಳು ಅವನ ಕೆಲಸದ ದಾಖಲೆಯನ್ನು ನೋಡಿ, ಎದುರಿಗೆ ಕೂರಿಸಿ ಪ್ರಶ್ನಿಸಿ, ಅರ್ಹತೆಯನ್ನು ನಿರ್ಣಯಿಸುತ್ತಾರೆ. ಕೆಳಗಿನ ದರ್ಜೆಯ ತಾಂತ್ರಿಕನಾಗಿ ಆರಂಭಿಸಿದವನೂ ಮೆಟ್ಟಿಲು ಮೆಟ್ಟಿಲಾಗಿ ಇಲ್ಲಿಗೆ ಏರಿ ಬರಬಹುದು. ದಾರಿ ಸುಲಭವೆಂದು ಯಾರೂ ತಿಳಿಯಬಾರದು. ಸೇರಿಸಿಕೊಳ್ಳುವ ಧಣಿಯು ಮೊದಲು ದೊರೆಯಬೇಕು. ದಿನವೆಲ್ಲ ದುಡಿದು ಬಂದು ರಾತ್ರಿ ಪುಸ್ತಕ ತೆರೆಯುವ ಛಲವೂ ಬೇಕು.

ಇನ್ನು ನಮ್ಮ ದೇಶವನ್ನು ನೋಡೋಣ. ಹಿರಿಯರ ಕಾಲದ ಕಚೇರಿಗಳಲ್ಲಿ ಉಮೇದುವಾರಿ ಎಂಬುದಿತ್ತು. ಕೆಲಸ ಕಲಿಯುವವನು ಸಂಬಳವಿಲ್ಲದೆ ದುಡಿಯುತ್ತಿದ್ದನು. ೧೯೬೧ರ ಅಪ್ರೆಂಟಿಸ್ ಕಾಯಿದೆಯು ಕಲಿಯುವವನಿಗೆ ಭತ್ಯದ ಹಕ್ಕನ್ನು ಕೊಟ್ಟಿತು. ೧೯೭೩ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಅದರೊಳಗೆ ಬಂದರು. ಇದು ಸ್ತುತ್ಯವೇ. ಆದರೆ ಭೇದವನ್ನು ಗಮನಿಸಬೇಕು: ಇಂಗ್ಲೆಂಡಿನಲ್ಲಿ ಅಪ್ರೆಂಟಿಸನು ಪದವಿಯನ್ನು ಪಡೆಯುತ್ತಾನೆ, ನಮ್ಮಲ್ಲಿ ಬಹುಮಟ್ಟಿಗೆ ಪದವಿ ಪಡೆದವನು ಅಪ್ರೆಂಟಿಸನಾಗುತ್ತಾನೆ. ಶುಲ್ಕ ತೆರಲಾಗದೆ ಕಾಲೇಜಿನ ಹೊರಗೆ ನಿಂತವನಿಗೆ ಇದರಿಂದ ಬಂದ ಲಾಭವೇನು?

ಅಂಥವನಿಗೆ ಏಣಿಯೊಂದು ಹಿಂದೆ ಇದ್ದಿತು. ೧೯೨೦ರಲ್ಲಿ ಹುಟ್ಟಿದ ಭಾರತೀಯ ಇಂಜಿನಿಯರುಗಳ ಸಂಸ್ಥೆಯು ನಡೆಸುತ್ತಿದ್ದ ಎ.ಎಂ.ಐ.ಇ. ಪರೀಕ್ಷೆಗೆ ಓವರ್ಸಿಯರರೂ ನಕ್ಷೆಗಾರರೂ ಕೆಲಸ ಬಿಡದೆ ಓದಿ ಕುಳಿತು, ತೇರ್ಗಡೆಯಾಗಿ, ಪದವೀಧರರ ಸಮಕ್ಕೆ ನಿಲ್ಲುತ್ತಿದ್ದರು. ೨೦೧೩ರ ಮೇ ೩೧ರವರೆಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಆ ಸಮಾನತೆಯ ಮಾನ್ಯತೆ ಉಳಿಯಿತು. ಪರೀಕ್ಷೆಯಲ್ಲಿ ಕೊರತೆಗಳಿದ್ದರೆ ತಿದ್ದಬೇಕಾಗಿತ್ತು; ಏಣಿಯನ್ನು ತೆಗೆದವರು ಅಷ್ಟೇ ಗಟ್ಟಿಯಾದ ಇನ್ನೊಂದನ್ನು ಇಡಬೇಕಾಗಿತ್ತು. ಡಿಪ್ಲೊಮಾ ಪಡೆದವರು ಪದವಿಯ ಎರಡನೆಯ ವರ್ಷಕ್ಕೆ ಸೇರಬಹುದೆಂಬುದು ನಿಜ. ಆದರೆ ಅದಕ್ಕಾಗಿ ಬಹುಮಂದಿ ಕೈಯಲ್ಲಿರುವ ಸಂಬಳವನ್ನು ಬಿಡಬೇಕಾಗುತ್ತದೆ. ಮನೆಯ ಭಾರ ಹೊತ್ತವನು ಅದನ್ನು ಬಿಡುವುದೆಂತು? ವ್ಯಾಸಂಗದೊಳಗೇ ಅಪ್ರೆಂಟಿಸ್ ಕಾಲವನ್ನು ಸೇರಿಸುವ ಮಾರ್ಗಸೂಚಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೨೦ರಲ್ಲಿ ಹೊರಡಿಸಿತು. ಅದು ಶುಭಸೂಚನೆ, ಆದರೆ ಸೂಚನೆಯಿಂದ ಸೇತುವೆ ಏಳುವುದಿಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು. ಸರಕಾರದ ದೊಡ್ಡ ಗುತ್ತಿಗೆಗಳನ್ನು ಹಿಡಿಯುವವರು ಗೊತ್ತಾದ ಸಂಖ್ಯೆಯ ಅಪ್ರೆಂಟಿಸರನ್ನು ಸಂಬಳ ಕೊಟ್ಟು ಸೇರಿಸಿಕೊಳ್ಳಬೇಕು. ವಾರಕ್ಕೊಂದು ದಿನ ಓದಿಗೆ ಬಿಡಬೇಕು. ನಮ್ಮ ವಿಶ್ವವಿದ್ಯಾಲಯಗಳು ಆ ಒಂದು ದಿನಕ್ಕೆ ಬಾಗಿಲು ತೆರೆದು, ಕೊನೆಗೆ ಯಾವ ಕುಂದೂ ಇಲ್ಲದ ಪದವಿಯನ್ನೇ ಕೊಡಬೇಕು. ಹುಡುಗನಿಗೆ ನಿಜವಾಗಿ ಕಲಿಸುತ್ತಿರುವರೋ, ಹಾಜರಿ ಪುಸ್ತಕ ಬರೆಸಿ ಅಗ್ಗದ ಆಳಾಗಿ ದುಡಿಸಿಕೊಳ್ಳುತ್ತಿರುವರೋ ಎಂಬುದನ್ನು ಪರೀಕ್ಷಿಸುವ ಅಧಿಕಾರಿಗಳೂ ಬೇಕು. ಈ ಎಚ್ಚರವಿಲ್ಲದಿದ್ದರೆ ಹೊಸ ಪದ್ಧತಿಯು ಹಳೆಯ ಉಮೇದುವಾರಿಯೇ ಆಗಿ ಪರಿಣಮಿಸುವುದು.

ಕೊನೆಯ ಮಾತು ತಂದೆತಾಯಿಗಳಿಗೆ. ಅಂಗಿಗೆ ಮಣ್ಣು ಮೆತ್ತಿದರೆ ಮಾನ ಹೋಯಿತೆಂದು ಬಗೆಯುವ ದುರಭ್ಯಾಸ ನಮ್ಮ ವಿದ್ಯಾವಂತರಲ್ಲಿ ಇನ್ನೂ ಅಳಿದಿಲ್ಲ. ಮೇಜಿನ ಮುಂದೆ ಕುಳಿತವನೇ ಇಂಜಿನಿಯರು, ಬಿಸಿಲಿನಲ್ಲಿ ನಿಂತವನು ಮೇಸ್ತ್ರಿ ಎಂಬ ಭೇದವನ್ನು ಎಣಿಸುವವರೆಗೆ ಯಾವ ಕಾಯಿದೆಯೂ ಫಲಿಸಲಾರದು. ಕಲ್ಲನ್ನು ಮುಟ್ಟಿ ತಿಳಿದವನು ಲೆಕ್ಕವನ್ನೂ ಬಲ್ಲವನಾದರೆ, ಅವನು ಕಟ್ಟಿದ ಸೇತುವೆಯ ಮೇಲೆ ನಾವು ನಿರ್ಭಯವಾಗಿ ನಮ್ಮ ಮಕ್ಕಳನ್ನು ನಡೆಯಿಸಬಹುದು.