‘ಸೋಲಿಗ’ ಎಂಬ ಕಣಜ: ಕೀಟ ವರ್ಗೀಕರಣವೂ ಕನ್ನಡದ ಹೆಸರುಗಳೂ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ದೊರೆತ ಒಂದು ಕಣಜಕ್ಕೆ 2022ರಲ್ಲಿ ‘ಸೋಲಿಗ ಇಕ್ಯಾರಿನೇಟ’ ಎಂಬ ಶಾಸ್ತ್ರೀಯ ನಾಮವನ್ನು ಕೊಡಲಾಯಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಎ.ಪಿ. ರಂಜಿತ್ ಮತ್ತು ಡಿ.ಆರ್. ಪ್ರಿಯದರ್ಶನನ್ ಅವರನ್ನೊಳಗೊಂಡ ತಂಡ ಇದನ್ನು ಗುರುತಿಸಿತು. ಇದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೂ ಹೌದು. ಕುಲದ ಹೆಸರು ಆ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರದು. ಎರಡನೆಯ ಪದ ಲ್ಯಾಟಿನ್ನಿನದು. ಮುಖದ ಮೇಲೆ ಏಣುಗಳಿಲ್ಲದುದು ಎಂಬುದು ಅದರ ಅರ್ಥ. ಕನ್ನಡ ನೆಲದ ಸಮುದಾಯವೊಂದರ ಹೆಸರು ಪ್ರಾಣಿಶಾಸ್ತ್ರದ ನಾಮಾವಳಿಯಲ್ಲಿ ಸೇರಿದುದು ಸಂತೋಷದ ಸಂಗತಿಯೇ ಸರಿ. ಆದರೆ ಭಾಷೆಯ ಅಧ್ಯಯನಕಾರರ ಮುಂದೆ ಇದರ ಜೊತೆಗೇ ಇನ್ನೊಂದು ಪ್ರಶ್ನೆ ನಿಲ್ಲುತ್ತದೆ. ಸೋಲಿಗರ ಹೆಸರು ಕಣಜಕ್ಕೆ ಹೋಯಿತು. ಇಂತಹ ಜೀವಿಗಳಿಗೆ ಈ ನೆಲದ ಜನರು ಇಟ್ಟ ಹೆಸರುಗಳು ಎಲ್ಲಿಗೆ ಹೋದವು?

ಮೊದಲು ‘ಕಣಜ’ ಎಂಬ ಪದವನ್ನೇ ನೋಡಬಹುದು. ಕನ್ನಡದಲ್ಲಿ ಕಡಜ, ಕಣಜ ಎಂಬ ರೂಪಗಳಿವೆ; ಮಲಯಾಳದ ‘ಕಡನ್ನಲ್’ ಇವುಗಳ ಜ್ಞಾತಿಪದ. ಧಾನ್ಯ ತುಂಬುವ ಕಣಜಕ್ಕೂ ಕುಟುಕುವ ಕಣಜಕ್ಕೂ ಉಚ್ಚಾರಸಾಮ್ಯವನ್ನು ಬಿಟ್ಟರೆ ಬೇರೆ ನಂಟನ್ನು ಕಲ್ಪಿಸುವುದು ಕಷ್ಟ. ಸಾಮಾನ್ಯ ಬಳಕೆಯಲ್ಲಿ ಈ ಪದ ಮನೆಯ ಸೂರಿನಡಿ ಗೂಡು ಕಟ್ಟಿ ಕುಟುಕುವ ಹುಳುವನ್ನು ಮಾತ್ರ ಸೂಚಿಸುತ್ತದೆ. ಕುಟುಕದ, ಗೂಡು ಕಟ್ಟದ, ಕಣ್ಣಿಗೆ ಕಷ್ಟಪಟ್ಟು ಕಾಣುವ ಸಾವಿರಾರು ಕಣಜಗಳು ಈ ಪದದ ವ್ಯಾಪ್ತಿಯ ಹೊರಗೇ ಉಳಿದಿವೆ. ‘ಸೋಲಿಗ’ ಅಂಥದೊಂದು.

ಇರುವೆ, ಜೇನು, ಕಣಜಗಳೆಲ್ಲ ಸೇರಿರುವ ಗಣವನ್ನು ಲಿನೇಯಸ್ 1758ರಲ್ಲಿ ಹೈಮೆನಾಪ್ಟೆರ ಎಂದು ಕರೆದನು. ಪೊರೆಯಂತಹ ರೆಕ್ಕೆಯುಳ್ಳವು ಎಂದು ಅದರ ತಾತ್ಪರ್ಯ. ಈ ಗಣದಲ್ಲಿ ಇದುವರೆಗೆ 1,50,000ಕ್ಕೂ ಹೆಚ್ಚು ಪ್ರಭೇದಗಳು ವರ್ಣಿತವಾಗಿವೆ. 2017ರಲ್ಲಿ ಪ್ರಕಟವಾದ ವಿಸ್ತೃತ ವಂಶವಾಹಿ ಅಧ್ಯಯನವೊಂದು ಇದರ ಮೂಲವನ್ನು ಸುಮಾರು 28 ಕೋಟಿ ವರ್ಷಗಳ ಹಿಂದಕ್ಕೆ ಒಯ್ದಿದೆ. ಮೊದಲಿನವು ಸಸ್ಯಾಹಾರಿಗಳು. ಹೆಣ್ಣು ಗರಗಸದಂತಹ ಅಂಗದಿಂದ ಎಲೆಯನ್ನು ಸೀಳಿ ಮೊಟ್ಟೆಯಿಡುತ್ತಿತ್ತು. ಸಾಸಿವೆಯ ಹೊಲದ ಗರಗಸ ನೊಣ ಇಂದಿಗೂ ಹಾಗೆಯೇ ಮಾಡುತ್ತದೆ. ಅನಂತರ ಒಂದು ಶಾಖೆ ಗಿಡವನ್ನು ಬಿಟ್ಟು ಇತರ ಕೀಟಗಳ ಮರಿಗಳಲ್ಲಿ ಮೊಟ್ಟೆಯಿಡತೊಡಗಿತು. ಆ ಶಾಖೆಯಲ್ಲಿ ನಡು ಸಣ್ಣದಾಯಿತು. ದೇಹವನ್ನು ಬಳುಕಿಸಿ ಮೊಟ್ಟೆಯ ಕೊಳವೆಯನ್ನು ಬೇಕಾದೆಡೆಗೆ ತಿರುಗಿಸುವುದು ಸುಲಭವಾಯಿತು. ಇನ್ನೂ ಮುಂದೆ ಒಂದು ಕವಲಿನಲ್ಲಿ ಆ ಕೊಳವೆಯೇ ವಿಷದ ಕೊಂಡಿಯಾಯಿತು. ಕುಟುಕುವುದು ಹೆಣ್ಣು ಮಾತ್ರ ಎಂಬುದಕ್ಕೆ ಇದೇ ಕಾರಣ. ಆ ಕವಲಿನ ಬೇಟೆಗಾರ ಕಣಜಗಳ ಒಂದು ಮನೆತನ ಹೂಬಿಡುವ ಸಸ್ಯಗಳು ಹಬ್ಬಿದ ಕಾಲದಲ್ಲಿ ಮಾಂಸವನ್ನು ತೊರೆದು ಪರಾಗಕ್ಕೆ ಮರಳಿತು. ಅದೇ ಜೇನಿನ ವಂಶ. ಇರುವೆಯೂ ಕೊಂಡಿಯುಳ್ಳ ಕಣಜಗಳ ನಡುವಿನಿಂದಲೇ ಹುಟ್ಟಿದ್ದು.

ಹೀಗಾಗಿ ‘ಕಣಜ’ ಎಂಬುದು ಒಂದು ವಂಶದ ಹೆಸರಲ್ಲ. ದೊಡ್ಡ ವಂಶವೊಂದರಿಂದ ಇರುವೆಯನ್ನೂ ಜೇನನ್ನೂ ತೆಗೆದಿಟ್ಟ ಮೇಲೆ ಉಳಿದುದಕ್ಕೆ ಕೊಟ್ಟ ಹೆಸರು. ಇದು ಕನ್ನಡದ ಕೊರತೆಯಲ್ಲ, ಬಹುತೇಕ ಭಾಷೆಗಳ ಸ್ಥಿತಿಯೇ ಹೀಗೆ. ಜರ್ಮನಿಯ ಕೀಟಶಾಸ್ತ್ರಜ್ಞ ವಿಲ್ಲಿ ಹೆನ್ನಿಗ್ 1950ರಲ್ಲಿ ಪ್ರತಿಪಾದಿಸಿದ ಪದ್ಧತಿಯ ಪ್ರಕಾರ ಹಳೆಯ ಲಕ್ಷಣಗಳನ್ನು ಉಳಿಸಿಕೊಂಡಿರುವುದರಿಂದ ಎರಡು ಜೀವಿಗಳು ಒಂದೇ ಕವಲಿನವು ಎನ್ನಲಾಗದು. ಹೊಸ ಲಕ್ಷಣವೊಂದನ್ನು ಒಟ್ಟಿಗೆ ಪಡೆದಿದ್ದರೆ ಮಾತ್ರ ಹಾಗೆನ್ನಬಹುದು. ದ್ರಾವಿಡ ಭಾಷೆಗಳ ಉಪವರ್ಗಗಳನ್ನು ನಿರ್ಣಯಿಸುವಾಗ ಭಾಷಾವಿಜ್ಞಾನಿಗಳು ಅನುಸರಿಸುವ ತತ್ತ್ವವೂ ಇದೇ ಆಗಿರುವುದರಿಂದ ಕನ್ನಡ ವಿದ್ಯಾರ್ಥಿಗೆ ಈ ತರ್ಕ ಅಪರಿಚಿತವೇನಲ್ಲ. ಪಠ್ಯಗಳಲ್ಲಿ ಪಾರಿಭಾಷಿಕ ಪದಗಳೇ ಸ್ಥಿರವಾಗಿಲ್ಲವೆಂಬುದು ಮಾತ್ರ ತೊಡಕು. ಪ್ರಭೇದಕ್ಕಿಂತ ಮೇಲಿನ ಹಂತವನ್ನು ಒಂದು ಪುಸ್ತಕ ‘ಜಾತಿ’ ಎಂದರೆ ಇನ್ನೊಂದು ‘ಕುಲ’ ಎನ್ನುತ್ತದೆ. ಎರಡೂ ನಮ್ಮ ಸಮಾಜದಲ್ಲಿ ಬೇರೆಯೇ ಭಾರವನ್ನು ಹೊತ್ತ ಮಾತುಗಳು. ಸೋಲಿಗರಲ್ಲಿಯೂ ಮದುವೆಯ ಸಂಬಂಧವನ್ನು ನಿರ್ಧರಿಸುವುದು ಕುಲವೇ.

‘ಸೋಲಿಗ’ ಕಣಜ ಸೇರಿರುವುದು ಇಕ್ನ್ಯುಮೋನಿಡೆ ಎಂಬ ಕುಟುಂಬದ ಮೆಟೊಪಿಯಿನೆ ಎಂಬ ಉಪಕುಟುಂಬಕ್ಕೆ. ಕುಟುಂಬದಲ್ಲಿ ಗುರುತಿಸಿರುವ ಪ್ರಭೇದಗಳೇ 25,000ಕ್ಕೆ ಮೇಲ್ಪಟ್ಟಿವೆ. ಮೆಟೊಪಿಯಿನೆಯ ಹೆಣ್ಣು ಪತಂಗದ ಮರಿಹುಳುವಿನೊಳಗೆ ಮೊಟ್ಟೆಯಿಡುತ್ತದೆ. ಮರಿಹುಳು ಕೂಡಲೇ ಸಾಯುವುದಿಲ್ಲ. ತಿನ್ನುತ್ತದೆ, ಬೆಳೆಯುತ್ತದೆ, ಕೋಶಾವಸ್ಥೆಗೂ ಹೋಗುತ್ತದೆ. ಕೋಶವನ್ನು ಒಡೆದು ಹೊರಬರುವುದು ಮಾತ್ರ ಪತಂಗವಲ್ಲ, ಕಣಜ. ಜೀವಂತ ಹುಳುವಿನ ಒಡಲನ್ನು ತಿಂದು ಬೆಳೆಯುವ ಇಂತಹ ಜೀವಿಯನ್ನು ಕರುಣಾಮಯಿಯಾದ ದೇವರು ಉದ್ದೇಶಪೂರ್ವಕವಾಗಿ ಸೃಷ್ಟಿಸಿರಲಾರನೆಂದು ಡಾರ್ವಿನ್ 1860ರಲ್ಲಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ ತನ್ನ ಸಂಶಯವನ್ನು ತೋಡಿಕೊಂಡಿದ್ದನು. ಆ ನೆನಪಿಗಾಗಿಯೇ ಈ ಕುಟುಂಬಕ್ಕೆ ‘ಡಾರ್ವಿನ್ ಕಣಜ’ಗಳೆಂಬ ರೂಢಿನಾಮವನ್ನು 2019ರಲ್ಲಿ ಸೂಚಿಸಲಾಯಿತು.

ಡಾರ್ವಿನ್ನನಿಗೆ ಕ್ರೌರ್ಯವಾಗಿ ಕಂಡ ಸಂಗತಿಗೆ ತೀರ ಹತ್ತಿರದ ಇನ್ನೊಂದು ಸಂಗತಿ ನಮ್ಮ ಪರಂಪರೆಗೆ ಅನುಗ್ರಹವಾಗಿ ಕಂಡಿದೆ ಎಂಬುದು ಕುತೂಹಲಕರ. ಸಂಸ್ಕೃತದ ‘ಭ್ರಮರಕೀಟ ನ್ಯಾಯ’ವೂ ವಚನಗಳಲ್ಲಿ ಬರುವ ಕೀಡಿ–ಕುಂಡಲಿಗದ ಹೋಲಿಕೆಯೂ ಇದನ್ನೇ ಕುರಿತವು. ಕುಂಡಲಿಗ ಹುಳುವೊಂದನ್ನು ಹಿಡಿದು ತಂದು ಮಣ್ಣಿನ ಗೂಡಿನಲ್ಲಿ ಮುಚ್ಚುತ್ತದೆ. ಹುಳು ಅದನ್ನೇ ನೆನೆನೆನೆದು ಕೊನೆಗೆ ಕುಂಡಲಿಗವೇ ಆಗುತ್ತದೆ. ಗುರುವಿನ ಸಂಗದಿಂದ ಶಿಷ್ಯನೂ ಹಾಗೆ. ಇಲ್ಲಿನ ನೋಟ ಎಷ್ಟು ನಿಖರವಾದುದು ಎಂಬುದನ್ನು ಗಮನಿಸಬೇಕು. ಬಯಲುಸೀಮೆಯವರು ಕುಂಬಾರ ಹುಳುವೆನ್ನುವ ಕಣಜ ಹಸಿಮಣ್ಣಿನಿಂದ ಕುಡಿಕೆಯಂತಹ ಗೂಡು ಮಾಡುತ್ತದೆ, ಮರಿಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ ಒಳಗಿಡುತ್ತದೆ, ಬಾಯಿ ಮುಚ್ಚುತ್ತದೆ. ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ಕಣಜ. ನೋಡಿದವನಿಗೆ ಕಾಣದೆ ಉಳಿದುದು ಒಂದೇ, ಗೂಡಿನೊಳಗೆ ಇಟ್ಟ ಮೊಟ್ಟೆ. ಅದೊಂದನ್ನು ಕಂಡಿದ್ದರೆ ಹೋಲಿಕೆಯೇ ಮುರಿದುಬೀಳುತ್ತಿತ್ತು. ಏಕೆಂದರೆ ಅಲ್ಲಿ ಶಿಷ್ಯ ಗುರುವಾಗುವುದಿಲ್ಲ, ಗುರುವಿನ ಮಗನಿಗೆ ಆಹಾರವಾಗುತ್ತಾನೆ. ವಚನದ ಅನುಭಾವ ಇದರಿಂದ ಕುಂದುವುದಿಲ್ಲವಾದರೂ ಟೀಕೆ ಬರೆಯುವವರು ಕುಂಡಲಿಗವನ್ನು ದುಂಬಿಯೆಂದು ಅರ್ಥೈಸುವುದು ಸರಿಯಾಗದು. ದುಂಬಿ ಹುಳುವನ್ನು ಹೊತ್ತು ತರುವುದಿಲ್ಲ.

ಅತ್ತಿಯ ಹಣ್ಣಿನ ಕತೆಯೂ ಇಂಥದೇ. ಹೊರಗೆ ಚೆಲುವು, ಒಳಗೆ ಹುಳು ಎಂದು ಡಾಂಭಿಕತೆಗೆ ಅದನ್ನು ಹೋಲಿಸುವ ವಾಡಿಕೆಯಿದೆ. ಆದರೆ ಅತ್ತಿಯೊಳಗಿನದು ಕೊಳೆತ ಹುಳುವಲ್ಲ, ಸೂಕ್ಷ್ಮ ಕಣಜ. ಹೂಗಳೆಲ್ಲ ಒಳಮುಖವಾಗಿರುವ ಅತ್ತಿಕಾಯಿಯೊಳಕ್ಕೆ ಕಿರಿದಾದ ದ್ವಾರದಿಂದ ನುಗ್ಗುವ ಹೆಣ್ಣು ಕಣಜವೇ ಪರಾಗವನ್ನು ತಲುಪಿಸುತ್ತದೆ. ಅದಿಲ್ಲದೆ ಅತ್ತಿಯಲ್ಲಿ ಬೀಜವಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಗೆಸ್ ಮತ್ತು ಅವರ ವಿದ್ಯಾರ್ಥಿಗಳು ಈ ಸಂಬಂಧವನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ.

ಭಾಷೆ ಯಾವುದನ್ನು ಹೆಸರಿಸುತ್ತದೆ, ಯಾವುದನ್ನು ಬಿಡುತ್ತದೆ? ಜನಪದ ವರ್ಗೀಕರಣವನ್ನು ಕುರಿತು ಅಮೆರಿಕದ ಬ್ರೆಂಟ್ ಬರ್ಲಿನ್ 1992ರ ತನ್ನ ಗ್ರಂಥದಲ್ಲಿ ಚರ್ಚಿಸಿರುವಂತೆ ಗಾತ್ರ, ಎದ್ದುಕಾಣುವ ರೂಪ ಇವು ಹೆಸರಿಗೆ ದಾರಿ ಮಾಡುತ್ತವೆ. ಉಪಯೋಗ ಅದಕ್ಕೆ ಪುಷ್ಟಿ ಕೊಡುತ್ತದೆ. ಸೋಲಿಗರ ಜೇನಿನ ಹೆಸರುಗಳು ಇದಕ್ಕೆ ಒಳ್ಳೆಯ ನಿದರ್ಶನ. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಎಂಬ ನಾಲ್ಕು ಹೆಸರುಗಳು ಕೀಟಶಾಸ್ತ್ರದ ವಿಭಾಗಗಳೊಡನೆ ಬಹುಮಟ್ಟಿಗೆ ತಾಳೆಯಾಗುತ್ತವೆ. ಸೋಲಿಗರ ನುಡಿ ಮತ್ತು ಪರಿಸರಜ್ಞಾನವನ್ನು ಕುರಿತ ಆಂಗ್ ಸಿ ಅವರ 2016ರ ಗ್ರಂಥ ಈ ನಿಟ್ಟಿನಲ್ಲಿ ಮುಖ್ಯವಾದುದು. ಅದು ಇಂಗ್ಲಿಷಿನಲ್ಲಿದೆ, ಕನ್ನಡ ಅಧ್ಯಯನ ವಿಭಾಗಗಳು ಅದನ್ನು ಗಂಭೀರವಾಗಿ ಎದುರುಗೊಳ್ಳಬೇಕಾಗಿದೆ.

ಬೆಟ್ಟದಿಂದ ಇಳಿದು ಗುಂಡ್ಲುಪೇಟೆಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಿಗೆ ಬಂದರೆ ಹೆಸರಿನ ನೆಲೆ ಬದಲಾಗುತ್ತದೆ. ಕಾಯಿಕೊರಕ, ಎಲೆಸುರುಳಿ, ಹಿಟ್ಟುತಿಗಣೆ, ಜಿಗಿಹುಳು: ಇವು ಹೆಚ್ಚಾಗಿ ಬೆಳೆಗೆ ಒದಗುವ ಕೇಡನ್ನು ನೋಡಿ ಹುಟ್ಟಿದ ಪದಗಳು. ಕೆಲವು ರೈತರವು, ಕೆಲವು ಕೃಷಿ ಇಲಾಖೆಯ ಕರಪತ್ರಗಳವು. ಕಾಯಿಕೊರಕದ ಮರಿಯನ್ನು ಒಳಗಿನಿಂದ ತಿನ್ನುವ ಕ್ಯಾಂಪೊಲೆಟಿಸ್ ಎಂಬ ಕಣಜ ಭಾರತದ ಕಡಲೆ ಹೊಲಗಳಲ್ಲಿ ಸಾಮಾನ್ಯ. ಕುಟುಂಬದ ಲೆಕ್ಕದಲ್ಲಿ ಅದು ಬೆಟ್ಟದ ‘ಸೋಲಿಗ’ಕ್ಕೆ ದಾಯಾದಿ. ಅದಕ್ಕೆ ‘ಪರತಂತ್ರ ಜೀವಿ’ ಎಂಬ ಸಾಮಾನ್ಯ ಪದವನ್ನು ಬಿಟ್ಟರೆ ಆಡುಮಾತಿನ ಹೆಸರಿಲ್ಲ. ಜಿಲ್ಲೆಯ ರೇಷ್ಮೆ ಬೆಳೆಗಾರರಲ್ಲಿಯೂ ಇದೇ ಸ್ಥಿತಿ. 1980ರಲ್ಲಿ ಕರ್ನಾಟಕಕ್ಕೆ ಬಂದ ಊಜಿ ನೊಣದ ಹೆಸರು ಹುಳು ಸಾಕುವ ಪ್ರತಿ ಮನೆಯಲ್ಲಿಯೂ ಗೊತ್ತು. ಆ ನೊಣದ ಕೋಶವನ್ನು ಕೊಲ್ಲಲು ಸಾಕಿ ಹಂಚುವ ನೆಸೊಲಿಂಕ್ಸ್ ಥೈಮಸ್ ಎಂಬ ಸಣ್ಣ ಕಣಜ ಲ್ಯಾಟಿನ್ ಹೆಸರಿನಲ್ಲೇ ಉಳಿದಿದೆ. ವೈರಿಗೆ ಹೆಸರಿದೆ, ವೈರಿಯ ವೈರಿಗಿಲ್ಲ. ಔಷಧಿ ಹೊಡೆಯುವಾಗ ಹೆಸರಿಲ್ಲದುದೂ ‘ಹುಳು’ವೆಂಬ ಒಂದೇ ಲೆಕ್ಕಕ್ಕೆ ಸೇರಿ ಸಾಯುತ್ತದೆ ಎಂಬುದು ಭಾಷೆಯ ಸಮಸ್ಯೆಯಷ್ಟೇ ಆಗಿ ಉಳಿಯುವುದಿಲ್ಲ.

ಕೊನೆಗೆ ವ್ಯಾಕರಣದ ಒಂದು ಸಂಗತಿ. ‘ಸೋಲಿಗ’ ಎಂಬುದು ಗಾಣಿಗ, ಕುಂಡಲಿಗ ಎಂಬಂತೆ ‘ಇಗ’ದಲ್ಲಿ ಮುಗಿಯುವ ರೂಪ, ಜನವಾಚಿಯಾದಾಗ ಕನ್ನಡದಲ್ಲಿ ಪುಲ್ಲಿಂಗ. ಪ್ರಾಣಿನಾಮಗಳ ಅಂತರರಾಷ್ಟ್ರೀಯ ಸಂಹಿತೆಯ ನಿಯಮವಾದರೋ ಬೇರೆ. ಲ್ಯಾಟಿನ್ ಅಥವಾ ಗ್ರೀಕ್ ಅಲ್ಲದ ಪದವೊಂದು ಅಕಾರದಲ್ಲಿ ಮುಗಿದರೆ, ಹೆಸರಿಟ್ಟವರು ಬೇರೆ ಸೂಚನೆ ಕೊಡದಿದ್ದಲ್ಲಿ, ಅದು ಸ್ತ್ರೀಲಿಂಗ; ವಿಶೇಷಣವೂ ಅದಕ್ಕೆ ಹೊಂದಬೇಕು. ಪುಲ್ಲಿಂಗದಲ್ಲಿ ‘ಇಕ್ಯಾರಿನೇಟಸ್’ ಎಂದಾಗಬೇಕಿದ್ದ ಪದ ಆದುದರಿಂದ ‘ಇಕ್ಯಾರಿನೇಟ’ ಎಂದಾಗಿದೆ. ಕನ್ನಡದ ಸೋಲಿಗ ಲ್ಯಾಟಿನ್ನಿಗೆ ಹೋಗಿ ಹೆಣ್ಣಾಗಿದ್ದಾನೆ.