ಆಸ್ಪತ್ರೆ ದೂರ, ಕಾಯಿಲೆ ಹತ್ತಿರ

ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಮಲೆನಾಡಿನ ಮಳೆಯನ್ನೂ ಬಯಲುಸೀಮೆಯ ಬರವನ್ನೂ ಒಟ್ಟಿಗೆ ಕಂಡಿರುವ ಈ ನೆಲಕ್ಕೆ ಸಾಂಕ್ರಾಮಿಕ ರೋಗಗಳು ಅಪರಿಚಿತವಲ್ಲ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಸಂಸ್ಥಾನದ ಉದ್ದಗಲಕ್ಕೂ ಹರಡಿತು. 1918ರ ಇನ್‌ಫ್ಲುಯೆಂಜಾ ಎಷ್ಟು ಭೀಕರವಾಗಿತ್ತೆಂದರೆ, ಭಾರತದ ಜನಗಣತಿಯಲ್ಲಿ ಜನಸಂಖ್ಯೆ ಇಳಿಮುಖವಾದ ಏಕೈಕ ದಶಕ 1911-21. ಮಲೆನಾಡಿನ ಅಂಚಿನಲ್ಲಿ ಮಲೇರಿಯಾ ತಲೆಮಾರುಗಳ ಕಾಲ ಜನರನ್ನು ಹಣ್ಣು ಮಾಡಿತ್ತು. ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಪ್ಲೇಗಿನ ಕಾಲದ ಕಥೆಗಳನ್ನು ಅಜ್ಜ-ಅಜ್ಜಿಯರಿಂದ ಕೇಳಿದ ವೃದ್ಧರು ಇಲ್ಲಿ ಇನ್ನೂ ಇದ್ದಾರೆ.

ವೈದ್ಯಕೀಯ ಪದವಿಯ ಮಸಿ ಆರುವ ಮೊದಲೇ, 2020ರ ಜೂನ್‌ನಲ್ಲಿ ನಾನು ಗುತ್ತಿಗೆ ವೈದ್ಯನಾಗಿ ಈ ಭಾಗಕ್ಕೆ ಬಂದೆ. ಮುಂದಿನ ಒಂದು ವರ್ಷ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಎಲ್ಲಿ ಕೊರತೆಯಿತ್ತೋ ಅಲ್ಲಿಗೆ ನನ್ನ ಕರ್ತವ್ಯ. ಲಾಕ್‌ಡೌನ್‌ನ ಮೊದಲ ಸುಮಾರು ಎರಡು ತಿಂಗಳು ಜಿಲ್ಲೆ ಹಸಿರು ವಲಯದಲ್ಲಿತ್ತು. ಮೊದಲ ಪ್ರಕರಣಗಳು ವರದಿಯಾದದ್ದು ಮೇ ಮೂರನೆಯ ವಾರದಲ್ಲಿ. ಆದ್ದರಿಂದ ಜನರಲ್ಲಿ ‘ಇದು ಬೆಂಗಳೂರಿನ ಕಾಯಿಲೆ’ ಎಂಬ ಭಾವನೆ ಬೇರೂರಿತ್ತು. ಆದರೆ ಬೆಂಗಳೂರು ಇಲ್ಲಿಗೆ ದೂರವೇನೂ ಅಲ್ಲ. ಹುಬ್ಬಳ್ಳಿಯ ರೈಲುಹಳಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಹೋಗುತ್ತದೆ. ಬೀರೂರಿನಲ್ಲಿ ಕವಲೊಡೆದ ಹಳಿ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಸಾಗುತ್ತದೆ. ಗಾರ್ಮೆಂಟ್ಸ್, ಹೋಟೆಲು, ಕಟ್ಟಡ ಕೆಲಸಗಳಿಗೆ ಹೋದ ಮಕ್ಕಳು ಕೆಲಸವಿಲ್ಲದೆ ಹಿಂತಿರುಗಿದಾಗ ಹೆತ್ತವರಿಗೆ ಏಕಕಾಲಕ್ಕೆ ಸಂತೋಷ ಮತ್ತು ಭಯ. ಮಗನಿಗೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಹದಿನಾಲ್ಕು ದಿನ ಊಟವಿಟ್ಟು ದೂರದಿಂದಲೇ ಮಾತನಾಡಿಸಿದ ತಾಯಂದಿರನ್ನು ನಾನು ಕಂಡಿದ್ದೇನೆ. ಪ್ಲೇಗಿನ ಕಾಲದ ಗುಡಿಸಲಿನ ವಿವೇಕ ಅಲ್ಲಿ ಇನ್ನೂ ಉಳಿದಿತ್ತು.

ಮೊದಲ ಅಲೆ ನಮ್ಮನ್ನು ದಣಿಸಿತು; 2021ರ ಏಪ್ರಿಲ್-ಮೇ ತಿಂಗಳ ಎರಡನೆಯ ಅಲೆ ನಮ್ಮನ್ನು ಪರೀಕ್ಷಿಸಿತು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಅದಕ್ಕೆ ಕೆಲವೇ ದಿನ ಮೊದಲು ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ ಸಂಭವಿಸಿದ ಸಾವುಗಳ ಸುದ್ದಿ ಸಣ್ಣ ಊರುಗಳ ವೈದ್ಯರೆಲ್ಲರ ನಿದ್ದೆ ಕೆಡಿಸಿತ್ತು. ಅದಕ್ಕೆ ಕಾರಣ ಸರಳ ಲೆಕ್ಕದಲ್ಲಿದೆ. ಒಂದು ಜಂಬೊ ಸಿಲಿಂಡರ್‌ನಲ್ಲಿ ಸುಮಾರು 7 ಸಾವಿರ ಲೀಟರ್ ಆಮ್ಲಜನಕವಿರುತ್ತದೆ. ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕಾದರೆ ಅದು 12 ಗಂಟೆಯೂ ಬಾರದು. ಹಾಗೆಂದರೆ ಒಬ್ಬ ರೋಗಿಯ ಒಂದು ಹಗಲು-ರಾತ್ರಿಗೆ ಎರಡು ಸಿಲಿಂಡರ್‌ಗಿಂತ ಹೆಚ್ಚು. ಹತ್ತು ಹಾಸಿಗೆಗಳಿದ್ದರೆ? ರಾತ್ರಿ ಪಾಳಿಯಲ್ಲಿ ನನ್ನ ಕಣ್ಣು ರೋಗಿಗಳ ಮುಖಕ್ಕಿಂತ ಹೆಚ್ಚಾಗಿ ಸಿಲಿಂಡರಿನ ಮುಳ್ಳಿನ ಮೇಲೆ ನೆಟ್ಟಿರುತ್ತಿತ್ತು.

ಈ ರೋಗದ ಕಪಟವೆಂದರೆ, ರಕ್ತದಲ್ಲಿ ಆಮ್ಲಜನಕ ಕುಸಿಯುತ್ತಿದ್ದರೂ ಕೆಲವರಿಗೆ ಏದುಸಿರೇ ಇರುತ್ತಿರಲಿಲ್ಲ. ಕಡೂರು ಕಡೆಯ ಹಳ್ಳಿಯೊಂದರ ಅರವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಾಗ ಕಂಡದ್ದು 82. ಅದು 94ರ ಮೇಲಿರಬೇಕು. ಆಕೆಯೋ, “ನಂಗೇನಾಗೈತೆ ಡಾಕ್ಟ್ರೇ, ಸುಸ್ತು ಅಷ್ಟೆ. ಎಮ್ಮೆ ಹಾಲು ಕರ್ದು ನಾಳೆ ಬತ್ತೀನಿ” ಎಂದು ಏಳಲು ಅನುವಾದರು. ಅಂಥವರಿಗೆ ನಾಳೆ ಎಂಬುದಿಲ್ಲ ಎಂದು ಹೇಗೆ ಹೇಳುವುದು? ಎಮ್ಮೆಯ ಹೊಣೆಯನ್ನು ನೆರೆಮನೆಯವರು ವಹಿಸಿಕೊಂಡ ಮೇಲಷ್ಟೇ ಆಕೆ ಆಂಬುಲೆನ್ಸ್ ಹತ್ತಿದರು. ಕಡೂರಿನಿಂದ ಜಿಲ್ಲಾಸ್ಪತ್ರೆಗೆ ಸುಮಾರು 40 ಕಿಲೋಮೀಟರ್. ತರೀಕೆರೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಹೆಚ್ಚು ಅನುಕೂಲ, ಆದರೆ ಅದು ಬೇರೆ ಜಿಲ್ಲೆ. ಅಜ್ಜಂಪುರದವರಿಗೆ ಎರಡೂ ದೂರ. ಆಕೆ ಹದಿನೆಂಟು ದಿನಗಳ ನಂತರ ಮನೆಗೆ ಮರಳಿದರು. ಆಕೆಗಿಂತ ಹತ್ತು ವರ್ಷ ಚಿಕ್ಕವರಾದ, ‘ಅಡಿಕೆ ಮಾರಿ ಬರುತ್ತೇನೆ’ ಎಂದು ಎರಡು ದಿನ ತಡಮಾಡಿದ ತರೀಕೆರೆ ಕಡೆಯ ರೈತರೊಬ್ಬರು ಮರಳಲಿಲ್ಲ. ಈ ಇಬ್ಬರ ನಡುವಿನ ಅಂತರಕ್ಕೆ ಔಷಧವೊಂದೇ ಕಾರಣವಲ್ಲ. ಒಬ್ಬರ ಕೆಲಸಕ್ಕೆ ಹೆಗಲು ಕೊಡುವವರಿದ್ದರು, ಇನ್ನೊಬ್ಬರಿಗೆ ಇರಲಿಲ್ಲ.

ಲಸಿಕೆಯ ಕಥೆಯೂ ಇಂಥದ್ದೇ. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ ಹತ್ತು ಮಂದಿಗೆ ಲಸಿಕೆ. ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಆರಂಭದಲ್ಲಿ ಹತ್ತು ಜನರನ್ನು ಕೂಡಿಸುವುದೇ ಸಾಹಸವಾಗಿತ್ತು. ‘ಸೂಜಿ ಚುಚ್ಚಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರಂತೆ’ ಎಂಬ ವದಂತಿ ಮೊಬೈಲ್‌ನಿಂದ ಮೊಬೈಲ್‌ಗೆ ಹಾರುತ್ತಿತ್ತು. ಮೇ ತಿಂಗಳಲ್ಲಿ ಪರಿಸ್ಥಿತಿ ತಿರುವುಮುರುವಾಯಿತು: ಜನ ಸಾಲುಗಟ್ಟಿ ನಿಂತರು, ಸೀಸೆಗಳಿರಲಿಲ್ಲ. ಅದೇ ತಿಂಗಳು ಎರಡು ಡೋಸ್‌ಗಳ ನಡುವಿನ ಅಂತರವನ್ನು 12ರಿಂದ 16 ವಾರಗಳಿಗೆ ಏರಿಸಿದಾಗ, ಅದಕ್ಕೆ ವೈಜ್ಞಾನಿಕ ಸಮರ್ಥನೆಯಿದ್ದರೂ, ‘ಸ್ಟಾಕ್ ಇಲ್ಲದ್ದಕ್ಕೆ ಈ ನೆಪ’ ಎಂದೇ ಜನ ಭಾವಿಸಿದರು. ಸತ್ಯವನ್ನು ಸಕಾಲದಲ್ಲಿ, ಸರಳವಾಗಿ ಹೇಳದಿದ್ದರೆ ಸರಿಯಾದ ನಿರ್ಧಾರವೂ ಅನುಮಾನಕ್ಕೆ ಗುರಿಯಾಗುತ್ತದೆ.

ಆ ಅನುಮಾನವನ್ನು ಕರಗಿಸಿದವರು ವೈದ್ಯರಲ್ಲ, ಆಶಾ ಕಾರ್ಯಕರ್ತೆಯರು. ಸುಮಾರು ಸಾವಿರ ಜನರಿಗೆ ಒಬ್ಬರಂತೆ ಇರುವ ಈ ಮಹಿಳೆಯರಿಗೆ ಯಾವ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾವ ಸೊಸೆ ಬಸುರಿ, ಯಾರ ಮಾತನ್ನು ಯಾರು ಕೇಳುತ್ತಾರೆ ಎಂಬುದೆಲ್ಲ ಗೊತ್ತಿತ್ತು. ಮುಚ್ಚಿದ ಬಾಗಿಲನ್ನು ತೆರೆಸಿದ್ದು ನನ್ನ ಸ್ಟೆತಾಸ್ಕೋಪಲ್ಲ, ‘ಅಕ್ಕಾ, ನಾನೂ ಹಾಕಿಸ್ಕೊಂಡೀನಿ, ನೋಡು’ ಎಂಬ ಅವರ ಮಾತು. 2020ರ ಮಾರ್ಚ್ 22ರ ಸಂಜೆ ದೇಶ ಚಪ್ಪಾಳೆ ತಟ್ಟಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಬೇಕಾಯಿತು. 2025ರ ಜನವರಿಯಲ್ಲಿ ಕೊರೆಯುವ ಚಳಿಯಲ್ಲಿ ಅವರು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತರು. ಚಪ್ಪಾಳೆಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದನ್ನು ಅವರು ಇನ್ನೆಷ್ಟು ಬಾರಿ ನೆನಪಿಸಬೇಕು?

ಆ ವರ್ಷದ ನಂತರ ಕೆಲವು ಬದಲಾವಣೆಗಳಾಗಿವೆ. ಚಿಕ್ಕಮಗಳೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಕಾಲೇಜು ಜಿಲ್ಲಾ ಕೇಂದ್ರದಲ್ಲಿದೆ, ಜ್ವರ ಬರುವುದು ಹಳ್ಳಿಯಲ್ಲಿ. ತಾಲ್ಲೂಕು ಮಟ್ಟದಲ್ಲಿ ನೆಚ್ಚಬಹುದಾದ ಆಮ್ಲಜನಕ ವ್ಯವಸ್ಥೆ, ರಾತ್ರಿಯೂ ಇರುವ ವೈದ್ಯ, ಜಿಲ್ಲೆಯ ಗಡಿ ನೋಡದೆ ಹತ್ತಿರದ ಆಸ್ಪತ್ರೆಗೆ ಒಯ್ಯುವ ಆಂಬುಲೆನ್ಸ್, ಮನೆಬಾಗಿಲಿಗೆ ಬರುವ ಕಾರ್ಯಕರ್ತೆಗೆ ಬದುಕಲು ಸಾಕಾಗುವಷ್ಟು ಸಂಬಳ—ಇವು ದುಬಾರಿ ಕನಸುಗಳೇನಲ್ಲ. ಮುಂದಿನ ರೋಗ ಯಾವ ಹೆಸರಿನಲ್ಲಿ ಬರುತ್ತದೋ ಯಾರೂ ಅರಿಯರು. ಅದು ಬರುವ ಹಾದಿಯಲ್ಲಿ ಬೀರೂರಿನ ಜಂಕ್ಷನ್ನಿನಂಥ ನೂರು ನಿಲ್ದಾಣಗಳಿವೆ. ಆ ಊರುಗಳು ಸಿದ್ಧವಾಗಿರಬೇಕಾದದ್ದು ರೋಗ ಬಂದ ಮೇಲಲ್ಲ, ಈಗ.